ಕೊಡಗಿನ ಮಾಜಿ ಸೈನಿಕರಿಗೆ ಸಂಚಾರಿ ಕ್ಲಿನಿಕ್: ವ್ಯಾನ್ ಕೊಳ್ಳುವ ಮುಂಚೆ ಏನೇನು ನೋಡ್ಕೋಬೇಕು?

ಸಂಘದ_ಕಡತ ಕೇಳಿದ್ದು:

ನಮಸ್ಕಾರ. ಶನಿವಾರಸಂತೆ, ಕೊಡ್ಲಿಪೇಟೆ ಸುತ್ತಿನ ಹಳ್ಳಿಗಳಲ್ಲಿರುವ ಮಾಜಿ ಸೈನಿಕರಿಗಾಗಿ ಸಂಚಾರಿ ಕ್ಲಿನಿಕ್ ಶುರು ಮಾಡುವ ಯೋಚನೆ ಇದೆ. ಪಟ್ಟಿಯಲ್ಲಿ ಸದ್ಯಕ್ಕೆ 140 ಜನ. ನಿವೃತ್ತರು, ಅವರ ಹೆಂಡತಿಯರು, ಗಂಡನನ್ನು ಕಳೆದುಕೊಂಡವರು ಎಲ್ಲ ಸೇರಿ. ಹೆಚ್ಚಿನವರು ಎಪ್ಪತ್ತು ದಾಟಿದವರು. ಬಿಪಿ, ಶುಗರ್, ಮಂಡಿನೋವು, ಕಿವಿ ಮಂದ, ಇವೇ ಜಾಸ್ತಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ಅಂದ್ರೆ ಮಡಿಕೇರಿಗೆ ಹೋಗಬೇಕು, ಇಲ್ಲಾ ಹಾಸನಕ್ಕೆ. ಎರಡು ಬಸ್ಸು ಬದಲಾಯಿಸಿ ಹೋಗಿ ಬರೋ ಹೊತ್ತಿಗೆ ದಿನ ಮುಗಿಯುತ್ತೆ. ಹಾಗಾಗಿ ಮಾತ್ರೆ ಮುಗಿದ ಮೇಲೂ ಎಷ್ಟೋ ಜನ ಸುಮ್ಮನಿರ್ತಾರೆ.

ದಾನಿಯೊಬ್ಬರು ವಾಹನ ಕೊಡಿಸಲು ಒಪ್ಪಿದ್ದಾರೆ. ಫೋರ್ಸ್ ಟ್ರಾವೆಲರ್ ತಗೊಂಡು ಒಳಗೆ ಹಾಸಿಗೆ, ಇಸಿಜಿ, ಫ್ರಿಜ್, ಸಣ್ಣ ಲ್ಯಾಬ್, ಸಾಧ್ಯವಾದರೆ ಸ್ಕ್ಯಾನಿಂಗ್ ಕೂಡ ಇಡೋಣ ಅಂತ ಲೆಕ್ಕ. ವಾರಕ್ಕೊಂದು ದಿನ ಬರಲು ಡಾಕ್ಟರ್ ಸಿಕ್ಕಿದ್ದಾರೆ. ಯಾವ ಗಾಡಿ, ಎಷ್ಟು ಬ್ಯಾಟರಿ, ಯಾವ ಪರವಾನಗಿ, ಔಷಧ ಎಲ್ಲಿಂದ? ಗೊತ್ತಿರುವವರು ಬಿಡಿಸಿ ಹೇಳಿ.

ಸ್ಟೆತ್ತು_ಮಾಮ:

ಗಾಡಿ ಆಮೇಲೆ. ಮೊದಲು ಕ್ಯಾಲೆಂಡರ್ ತೆಗೀರಿ.

ವರ್ಷಕ್ಕೆರಡು ಸಲ ದೊಡ್ಡ ಶಿಬಿರ ಮಾಡಿ ಬಿಪಿ ನೋಡಿ ಹತ್ತು ದಿನದ ಮಾತ್ರೆ ಕೊಟ್ಟರೆ ಫೋಟೋಗೆ ಚಂದ, ಅಷ್ಟೇ. ಈ ವಯಸ್ಸಿನವರ ಕಾಯಿಲೆಗಳು ನಿಲ್ಲೋದು ಎರಡನೇ ಭೇಟಿ, ಮೂರನೇ ಭೇಟಿಯಲ್ಲಿ. ಒಬ್ಬ ಡಾಕ್ಟರಿಗೆ ತಲಾ 9 ನಿಮಿಷ ಅಂದ್ರೆ ನಾಲ್ಕೂವರೆ ಗಂಟೆಯಲ್ಲಿ 30 ಜನ. 140 ಜನಕ್ಕೆ ಐದು ದಿನ ಬೇಕು. ವಾರಕ್ಕೊಂದೇ ದಿನ ಇಟ್ಟರೆ ಸುತ್ತು ಮುಗಿಯಲು ಐದು ವಾರ. ಡಾಕ್ಟರನ್ನು ನಾಲ್ಕು ವಾರದಲ್ಲಿ ಇನ್ನೊಂದು ದಿನ ಹೆಚ್ಚಿಗೆ ಕೇಳಿಕೊಳ್ಳಿ, ಸುತ್ತು 28 ದಿನಕ್ಕೆ ಕೂರುತ್ತೆ. "ತಿಂಗಳ 5ನೇ ತಾರೀಕು" ಅನ್ನಬೇಡಿ. 28 ದಿನದ ಸುತ್ತಾದರೆ ವಾರ ಬದಲಾಗಲ್ಲ, ಅಜ್ಜ ಅಜ್ಜಿಯರಿಗೆ ನೆನಪಿರೋದು ವಾರವೇ. ಒಂದು ನಿಲ್ದಾಣವನ್ನು ಶನಿವಾರಸಂತೆಯಲ್ಲಿ ಸಂತೆ ದಿನವೇ ಇಡಿ, ಹೇಗೂ ಜೀಪು ಸಿಗುತ್ತೆ, ಜನ ಬಂದೇ ಬರ್ತಾರೆ.

ಮಾತ್ರೆ 28 ದಿನಕ್ಕೆ 28 ಕೊಡಬೇಡಿ, 35 ಕೊಡಿ. ಡಾಕ್ಟರ್ ಬರದಿದ್ದರೆ, ಮರ ಬಿದ್ದು ರಸ್ತೆ ಮುಚ್ಚಿದರೆ, ಏಳು ದಿನ ಕೈಯಲ್ಲಿರುತ್ತೆ. 80 ಜನ ಬಿಪಿಯ ಆಮ್ಲೋಡಿಪೈನ್ 5 ಎಂಜಿ ದಿನಕ್ಕೊಂದು ನುಂಗುವವರಿದ್ದರೆ 2,800 ಮಾತ್ರೆ, ಅಂದ್ರೆ ಹತ್ತರ 280 ಪಟ್ಟಿ. ಜೂನ್ ಕೊನೆಯ ಸುತ್ತಲ್ಲಿ ತಲಾ 63 ಕೊಟ್ಟುಬಿಡಿ, ಜುಲೈ ಸುತ್ತು ಪೂರ್ತಿ ತಪ್ಪಿದರೂ ನಡೆಯುತ್ತೆ. ಆದರೆ ಹೊಸದಾಗಿ ಶುರು ಮಾಡಿದವರಿಗೆ ಹಾಗೆ ಕೊಡಬೇಡಿ. ಎರಡನೇ ಸಲ ಬಿಪಿ ನೋಡದೆ ಎರಡು ತಿಂಗಳ ಮಾತ್ರೆ ಕೊಡೋದು ಅಪಾಯ.

ಬಿಪಿ ಅಳೆಯೋ ಕಡೆ ತಪ್ಪು ಜಾಸ್ತಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಕೊಡಗಿನಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂರಿಸಿ, ಸ್ವೆಟರ್ ತೋಳು ಮೇಲೆ ಮಡಚದೆ ಪೂರ್ತಿ ತೆಗೆಸಿ, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಆಮೇಲೆ ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆ ಹೆಚ್ಚಿಸಬೇಡಿ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವವರು ಇವರೇ.

ಇನ್ನೆರಡು ಪ್ರಶ್ನೆ ಬಿಡಬಾರದು. ಒಂದು, ಮಂಡಿನೋವಿಗೆ ಅಂಗಡಿಯಿಂದ ಏನು ತಂದು ನುಂಗುತ್ತಿದ್ದಾರೆ? ಡೈಕ್ಲೋಫೆನಾಕ್ ದಿನಾ ನುಂಗಿದರೆ ಬಿಪಿ ಇಳಿಯಲ್ಲ, ಕಿಡ್ನಿಯೂ ಸೊರಗುತ್ತೆ. ಡಾಕ್ಟರ್ ಮಾತ್ರೆ ಮೇಲೆ ಮಾತ್ರೆ ಸೇರಿಸ್ತಾ ಹೋಗ್ತಾರೆ, ಕಾರಣ ಮಾತ್ರ ಆ ಪ್ಲಾಸ್ಟಿಕ್ ಕವರಿನಲ್ಲಿರುತ್ತೆ. ಅದಕ್ಕೇ ಮನೆಯಲ್ಲಿರೋ ಎಲ್ಲಾ ಮಾತ್ರೆ ಕವರಿನಲ್ಲಿ ಹಾಕಿ ತರಲು ಮೊದಲೇ ಹೇಳಿ. ಎರಡು, "ಕುಡೀತೀರಾ?" ಅಂತ ಕೇಳಿದರೆ "ಹಾಗೇನಿಲ್ಲ" ಅನ್ನೋದೇ ಉತ್ತರ. "ಕ್ಯಾಂಟೀನ್ ಕೋಟಾ (ಮಿಲಿಟರಿ ಕ್ಯಾಂಟೀನಿನ ಮದ್ಯ) ಎಷ್ಟು ದಿನ ಬರುತ್ತೆ?" ಅಂತ ಕೇಳಿ. ಲೆಕ್ಕ ತಾನೇ ಸಿಗುತ್ತೆ.

ವೈರು_ಬ್ಯಾಟರಿ:

ಟ್ರಾವೆಲರ್ ಬೇಡ ಅಂತ ನನ್ನ ಮತ. ತೋಟದ ಒಳರಸ್ತೆಯ ತಿರುವುಗಳಲ್ಲಿ ಉದ್ದ ವೀಲ್‌ಬೇಸ್ ಗಾಡಿ ಹಿಂದೆ ಮುಂದೆ ಮಾಡಿಕೊಂಡೇ ಹೋಗಬೇಕು. ಅದರ ವೀಲ್‌ಬೇಸ್ 3,050, 3,350, 4,020 ಮಿ.ಮೀ. ಅಂತ ಬರುತ್ತೆ. ತಗೊಳ್ಳೋದೇ ಆದರೆ 3,050. ಇನ್ನೂ ಒಳ್ಳೆಯದು ಬೊಲೆರೊ ಥರದ ಗಾಡಿ. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್, ನಾಲ್ಕು ಮುಚ್ಚಳದ ಪೆಟ್ಟಿಗೆ, ಎರಡು ಮಡಚುವ ಟೇಬಲ್, ಒಂದು ಪರದೆ ಅಷ್ಟೂ ಹಿಡಿಯುತ್ತೆ. ತಪಾಸಣೆ ಪಂಚಾಯ್ತಿ ಸಭಾಂಗಣದಲ್ಲೋ ಶಾಲೆಯ ಕೋಣೆಯಲ್ಲೋ ನಡೆಯಲಿ. ಮಂಡಿ ಸವೆದವರನ್ನು ವ್ಯಾನಿಗೆ ಹತ್ತಿಸೋದೇ ಒಂದು ಕೆಲಸ. ಹತ್ತಿಸಲೇಬೇಕಾದರೆ ಹಿಂದಿನ ಬಾಗಿಲಿಗೆ ಮಡಚುವ ಮೆಟ್ಟಿಲು, ಒಂದೊಂದೂ 18 ಸೆಂ.ಮೀ. ಮೀರದಂತೆ, ಎರಡೂ ಕಡೆ ಹಿಡಿಕೆ, ಮೇಲೆ ಮರಳು ಅಂಟಿಸಿದ ಟೇಪು. ಚೆಕ್ಕರ್ಡ್ ಶೀಟಿನ ಮೆಟ್ಟಿಲು ಮಳೆಯಲ್ಲಿ ಪಾಚಿ ಹಿಡಿದ ಅಂಗಳದ ಹಾಗೇ ಜಾರುತ್ತೆ.

ವ್ಯಾನೇ ಬೇಕು ಅಂದರೆ ಕರೆಂಟಿನ ಲೆಕ್ಕ ಹೀಗೆ. ಕಂಪ್ರೆಸರ್ ಇರುವ 12 ವೋಲ್ಟಿನ ಸಣ್ಣ ಫ್ರಿಜ್ 45 ವ್ಯಾಟ್, ಅರ್ಧ ಹೊತ್ತು ಮಾತ್ರ ಓಡುತ್ತೆ ಅಂದ್ಕೊಂಡರೆ 8 ಗಂಟೆಗೆ 180 ವ್ಯಾಟ್ ಅವರ್. ಲ್ಯಾಪ್‌ಟಾಪ್ 300, ಎಲ್‌ಇಡಿ ದೀಪ 120, ಎರಡು ಡಿಸಿ ಫ್ಯಾನ್ 180, ನೆಬುಲೈಸರ್ ಒಟ್ಟು ಒಂದು ಗಂಟೆಗೆ 150, ಪ್ರಿಂಟರ್ ಮತ್ತು ರೂಟರ್ 90. ಕೂಡಿದರೆ 1,020. ಇನ್ವರ್ಟರ್ ತಿನ್ನೋದು ಸೇರಿ 1,200 ಹಿಡೀರಿ. ಮನೆಗೆ ಹಾಕೋ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ 1,800 ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತೆ. ಸಿಗೋದು 900, ಸಾಲಲ್ಲ. ಜೊತೆಗೆ ಆಸಿಡ್ಡಿನ ಬ್ಯಾಟರಿಯನ್ನು ರೋಗಿಗಳು ಕೂರೋ ಜಾಗದಲ್ಲಿ ಇಡಬಾರದು. ಲಿಥಿಯಂ ಐರನ್ ಫಾಸ್ಫೇಟ್ 12.8 ವೋಲ್ಟ್ 150 ಎಎಚ್ ಹಾಕಿದರೆ 1,920ರಲ್ಲಿ 80 ಭಾಗ, ಅಂದ್ರೆ ಸುಮಾರು 1,530 ನಿರಾಳವಾಗಿ ಸಿಗುತ್ತೆ.

ಚಾರ್ಜಿಂಗಿಗೆ ಆಲ್ಟರ್ನೇಟರಿನಿಂದ ನೇರ ವೈರು ಎಳೆಯಬೇಡಿ. ಬಿಎಸ್6 ಗಾಡಿಗಳಲ್ಲಿ ಎಷ್ಟೋ ಕಡೆ ಆಲ್ಟರ್ನೇಟರ್ ವೋಲ್ಟೇಜನ್ನು ಇಸಿಯು (ಗಾಡಿಯ ಕಂಪ್ಯೂಟರ್) ಏರಿಳಿಸುತ್ತೆ, ಎರಡನೇ ಬ್ಯಾಟರಿ ತುಂಬೋದೇ ಇಲ್ಲ. ಮಧ್ಯೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿ, ಬ್ಯಾಟರಿ ಕಡೆಯ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಮೂರು ಗಂಟೆ ಗಾಡಿ ಓಡಿದರೆ 1,200 ವಾಪಸ್ ಬರುತ್ತೆ. ಸೋಲಾರ್ ಹಾಕಿಸ್ತೀವಿ ಅಂತ ಯಾರಾದರೂ ಬಂದರೆ ಜುಲೈನಲ್ಲಿ ಕೊಡ್ಲಿಪೇಟೆಗೆ ಬಂದು ಬಿಸಿಲು ತೋರಿಸಿ ಅನ್ನಿ.

ಒಳಗಿನ ಸೀಟು ತೆಗೆದು ಹಾಸಿಗೆ ಹಾಕಿಸುವ ಮುಂಚೆ ಆರ್‌ಟಿಒ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ನಮೂದಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಬಿಟ್ಟರೆ ಅಪಘಾತದ ದಿನ ಇನ್ಶೂರೆನ್ಸಿನವರು ಮೊದಲು ಹಿಡಿಯೋದೇ ಅದನ್ನ.

ಸ್ಟೆತ್ತು_ಮಾಮ:

@ವೈರು_ಬ್ಯಾಟರಿ ಫ್ರಿಜ್ಜನ್ನ ಲೆಕ್ಕದಿಂದ ತೆಗೆದುಬಿಡಿ. ಲಸಿಕೆ ಹಾಕಲ್ಲ, ಇರೋದು ಇನ್ಸುಲಿನ್ ಮಾತ್ರ. ದಾಸ್ತಾನು 2ರಿಂದ 8 ಡಿಗ್ರಿಯಲ್ಲಿ ಗಾಡಿ ಹೊರಡುವ ಮೂಲ ಕೇಂದ್ರದ ಫ್ರಿಜ್ಜಿನಲ್ಲಿರಲಿ, ಆ ದಿನಕ್ಕೆ ಬೇಕಾದಷ್ಟು ಸೀಸೆಯನ್ನು ನಾಲ್ಕು ಐಸ್‌ಪ್ಯಾಕಿನ ಲಸಿಕೆ ಕ್ಯಾರಿಯರಿನಲ್ಲಿ ಒಯ್ದರೆ ಸಾಕು. ಇಲ್ಲಿ ಬಿಸಿಗಿಂತ ದೊಡ್ಡ ಶತ್ರು ಹಿಮ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಒಳಗಿಟ್ಟರೆ ಗೋಡೆಗೆ ತಾಗಿದ ಸೀಸೆ ಹೆಪ್ಪುಗಟ್ಟುತ್ತೆ. ಆಮೇಲೆ ಕರಗಿದರೆ ನೋಡಲು ಸರಿಯಾಗಿಯೇ ಕಂಡರೂ ಕೆಲಸ ಮಾಡಲ್ಲ. ಪ್ಯಾಕನ್ನು ಹೊರಗಿಟ್ಟು ಮೇಲೆ ಬೆವರು ಮೂಡಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೇ ಜೋಡಿಸಬೇಕು. ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ನಡುವೆ ಇಡಿ, ಜೊತೆಗೊಂದು ಥರ್ಮಾಮೀಟರ್. ಮನೆಗೆ ಒಯ್ದ ಮೇಲೆ ಬಳಸ್ತಿರೋ ಸೀಸೆ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತೆ. ಫ್ರಿಜ್ ಇಲ್ಲದ ಮನೆಯವರು ಹೆದರಬೇಕಿಲ್ಲ, ಒಲೆ ಹತ್ತಿರ ಮಾತ್ರ ಇಡಬಾರದು.

ವೈರು_ಬ್ಯಾಟರಿ:

ಹಾಗಾದರೆ 840ಕ್ಕೆ ಇಳೀತು, ನಷ್ಟ ಸೇರಿ 990. 100 ಎಎಚ್ ಲಿಥಿಯಂನಲ್ಲಿ 1,020 ಸಿಗುತ್ತೆ. ಹೊಸದರಲ್ಲಿ ಅಂಚಿನಲ್ಲಿ ನಡೆಯುತ್ತೆ, ಎರಡು ವರ್ಷ ಕಳೆದ ಮೇಲೆ ಸಂಜೆ ಹೊತ್ತಿಗೆ ಕೈಕೊಡುತ್ತೆ. ನೆಬುಲೈಸರ್ ಬದಲು ಇನ್‌ಹೇಲರ್ ಮತ್ತು ಸ್ಪೇಸರ್ ಬಳಸಿದರೆ ಆರಾಮ. ಇಸಿಜಿ ಯಂತ್ರವನ್ನು ಅದರದೇ ಬ್ಯಾಟರಿಯಲ್ಲಿ ಓಡಿಸಿ, ಚಾರ್ಜರ್ ಪಿನ್ ಕಿತ್ತು. ಇನ್ವರ್ಟರಿಗೆ ಸಿಕ್ಕಿಸಿಕೊಂಡೇ ತೆಗೆದರೆ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತೆ. ಚಳಿಗೆ ನಡುಗುವವರಿಗೆ ಕಂಬಳಿ ಹೊದಿಸಿ ತೆಗೀರಿ, ಆ ನಡುಕವೂ ಕಾಗದದ ಮೇಲೆ ಬರುತ್ತೆ.

ಪಿಪಿಒ_ಪುಟ:

ಕಾಗದದ ಕಡೆ ಯಾರೂ ಹೇಳಿಲ್ಲ. ನಿಮ್ಮ ತಂಡದಲ್ಲಿ ಡಾಕ್ಟರಿನಷ್ಟೇ ಮುಖ್ಯವಾದವರು ಕಾಗದ ನೋಡೋ ಒಬ್ಬರು.

140 ಜನರನ್ನು ಮೂರು ಪಟ್ಟಿ ಮಾಡಿ. 64 ಕೆಬಿ (ಹೊಸ ಮಾದರಿಯ) ಇಸಿಎಚ್‌ಎಸ್ ಕಾರ್ಡ್ ಇರುವವರು, ಅರ್ಹತೆ ಇದ್ದೂ ಕಾರ್ಡ್ ಮಾಡಿಸದವರು, ಪಿಂಚಣಿಯೇ ಇಲ್ಲದವರು. ಎರಡನೇ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತೆ. ಯೋಜನೆ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ನಿವೃತ್ತರಾದವರು ತಾವಾಗಿ ಸೇರಬೇಕಿತ್ತು, ಸೇರಿಲ್ಲ. "ಈಗ ಸಾವಿರಾರು ರೂಪಾಯಿ ಕಟ್ಟಬೇಕು" ಅಂತ ಕೂತವರೂ ಇದ್ದಾರೆ. 1996ರ ಜನವರಿ 1ಕ್ಕೂ ಮುಂಚೆ ನಿವೃತ್ತರಾದವರಿಗೆ ವಂತಿಗೆ ಇಲ್ಲ, ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ಇಲ್ಲ. ನಿಮ್ಮ 80 ದಾಟಿದವರಲ್ಲಿ ಹೆಚ್ಚಿನವರು ಈ ಲೆಕ್ಕಕ್ಕೇ ಬರ್ತಾರೆ. ಎರಡನೇ ಮಹಾಯುದ್ಧದ ಯೋಧರು, ಎಮರ್ಜೆನ್ಸಿ ಕಮಿಷನ್ ಮತ್ತು ಶಾರ್ಟ್ ಸರ್ವಿಸ್ ಅಧಿಕಾರಿಗಳನ್ನೂ 2019ರಲ್ಲಿ ಸೇರಿಸಲಾಯ್ತು.

ಅರ್ಜಿ ನಿಲ್ಲೋದು ಹೆಸರಿನಲ್ಲಿ. ಕೊಡಗಿನಲ್ಲಿ ಮನೆತನದ ಹೆಸರು ಮುಂದೆ ಬರುತ್ತೆ. ಆಧಾರಿನಲ್ಲಿ ಅದು ಪೂರ್ತಿ ಇರುತ್ತೆ, ಪಿಪಿಒದಲ್ಲಿ (ಪಿಂಚಣಿ ಆದೇಶ ಪತ್ರ) ಒಂದಕ್ಷರದ ಇನಿಶಿಯಲ್, ಬ್ಯಾಂಕಿನಲ್ಲಿ ಇನ್ನೊಂದು. ಹೆಂಡತಿಯ ಹೆಸರು ಸೇನಾ ದಾಖಲೆಯಲ್ಲಿ ಅಡ್ಡಹೆಸರಿನಲ್ಲೇ ಕೂತಿರೋದೂ ಉಂಟು. ಗಂಡ ಬದುಕಿರುವಾಗಲೇ ರೆಕಾರ್ಡ್ ಆಫೀಸಿಗೆ ಬರೆದು ಪಾರ್ಟ್ ಟು ಆರ್ಡರ್ (ಸೇನೆಯಲ್ಲಿ ಕುಟುಂಬದ ವಿವರ ನಮೂದಿಸೋ ಆದೇಶ) ಸರಿ ಮಾಡಿಸಿ. ಆಮೇಲಾದರೆ ಕುಟುಂಬ ಪಿಂಚಣಿಗೂ ಅದೇ ಗೋಳು, ಕಾರ್ಡಿಗೂ ಅದೇ ಗೋಳು. ಮೊದಲ ಸುತ್ತಿನಲ್ಲೇ ಪ್ರತಿಯೊಬ್ಬರ ಪಿಪಿಒ, ಸೇನೆಯ ಡಿಸ್ಚಾರ್ಜ್ ಬುಕ್, ಆಧಾರ್ ಮೂರನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಹೆಸರು ಮತ್ತು ಹುಟ್ಟಿದ ದಿನ ಅಕ್ಷರ ಅಕ್ಷರ ಹೋಲಿಸಿ.

ಪಿಂಚಣಿ ಇಲ್ಲದವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ನೆರವು ಇದೆ. 2023ರಲ್ಲಿ ಏರಿಸಿದ ಮೇಲೆ ಸಾಮಾನ್ಯ ಚಿಕಿತ್ಸೆಗೆ 50,000 ರೂ. ವರೆಗೆ, ಗಂಭೀರ ಕಾಯಿಲೆಗೆ 1.5 ಲಕ್ಷ ರೂ. ವರೆಗೆ. ಅರ್ಜಿ ಆನ್‌ಲೈನ್, ಹೋಗೋದು ಮಡಿಕೇರಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಮೂಲಕ. ಆಸ್ಪತ್ರೆ ಬಿಲ್ಲು, ಡಿಸ್ಚಾರ್ಜ್ ಸಮರಿಯ ಮೂಲಪ್ರತಿ ಜೋಪಾನ.

ನಿಮ್ಮ ವ್ಯಾನ್ ಡಾಕ್ಟರ್ ಬರೆದ ಚೀಟಿ ಇಸಿಎಚ್‌ಎಸ್ ರೆಫರಲ್ ಅಲ್ಲ, ಇದು ಎಲ್ಲರಿಗೂ ಸ್ಪಷ್ಟವಾಗಿರಲಿ. ಎಂಪ್ಯಾನಲ್ ಆಸ್ಪತ್ರೆಯವರು (ಇಸಿಎಚ್‌ಎಸ್ ಜೊತೆ ಒಪ್ಪಂದ ಇರುವವರು) ಅದನ್ನು ರೆಫರಲ್ ಅಂತ ಒಪ್ಪಲ್ಲ. ರೆಫರಲ್ ಬೇಕಾದ ಕಡೆ ಅದು ಪಾಲಿಕ್ಲಿನಿಕ್‌ನಿಂದಲೇ ಆಗಬೇಕು. ಆದ್ದರಿಂದ ಶುರು ಮಾಡುವ ಮುಂಚೆ ಪಾಲಿಕ್ಲಿನಿಕ್ ಒಐಸಿ (ಉಸ್ತುವಾರಿ ಅಧಿಕಾರಿ) ಅವರನ್ನು ಕಂಡು, ಹಾಸಿಗೆ ಹಿಡಿದವರ ಮಾತ್ರೆಯನ್ನು ಬೇರೆಯವರ ಕೈಯಲ್ಲಿ ಪಡೆಯಲು ಏನೇನು ಬೇಕು ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಒಪ್ಪಿಗೆ ಸಿಕ್ಕರೆ ಕಾರ್ಡ್ ಇರುವವರ ಔಷಧ ಅಲ್ಲಿಂದಲೇ ಬರಲಿ. ಸಂಘದ ದುಡ್ಡು ಕಾರ್ಡ್ ಇಲ್ಲದವರಿಗೆ ಜನೌಷಧಿಯಿಂದ ಕೊಳ್ಳಲು ಉಳಿಯುತ್ತೆ. ಎದೆನೋವಿನಂಥ ತುರ್ತಿಗೆ ರೆಫರಲ್ ಬೇಡ, ಎಂಪ್ಯಾನಲ್ ಆಸ್ಪತ್ರೆಗೆ ನೇರ ಹೋಗಬಹುದು. ಬೇರೆ ಆಸ್ಪತ್ರೆಗೆ ಸೇರಿಸಿದರೆ ಎರಡು ದಿನದೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಈ ಎರಡು ಸಾಲನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಪ್ರತಿ ಮನೆಯ ಕ್ಯಾಲೆಂಡರಿಗೆ ಅಂಟಿಸಿ.

ನವೆಂಬರ್ ಸುತ್ತಿನಲ್ಲಿ ಜೀವನ್ ಪ್ರಮಾಣ್ (ಪಿಂಚಣಿದಾರರು ಬದುಕಿದ್ದಾರೆ ಅನ್ನೋ ಡಿಜಿಟಲ್ ಪತ್ರ) ಕೂಡ ಮಾಡಿಕೊಡಿ, ತಪ್ಪಿಸಿಕೊಳ್ಳೋ ಜನವೂ ಬರ್ತಾರೆ. ತೋಟದ ಕೆಲಸ ಮಾಡಿದ ಕೈಗೆ ಬೆರಳಚ್ಚು ಸಿಗಲ್ಲ, ಮುಖ ಗುರುತಿಸುವ ಆ್ಯಪ್ ಬಳಸಿ. ಕಿಟಕಿ ಬೆನ್ನ ಹಿಂದಿದ್ದರೆ ಆಗಲ್ಲ, ಬೆಳಕು ಮುಖದ ಮೇಲಿರಬೇಕು.

ಸಂಘದ_ಕಡತ:

ಕಣ್ಣು ತೆರೆಸಿದ್ರಿ. ಲ್ಯಾಬ್ ಮತ್ತು ಸ್ಕ್ಯಾನಿಂಗ್ ಬಗ್ಗೆ? ಸೆಕೆಂಡ್ ಹ್ಯಾಂಡ್ ಪೋರ್ಟಬಲ್ ಅಲ್ಟ್ರಾಸೌಂಡ್ ಕೊಡೋಕೆ ಒಬ್ಬರು ತಯಾರಿದ್ದಾರೆ. ಪಾಲಿಕ್ಲಿನಿಕ್ ಡಾಕ್ಟರನ್ನ ಫೋನಲ್ಲೇ ತೋರಿಸೋಕಾಗಲ್ವಾ?

ಕೆಂಪುಮುಚ್ಚಳ:

ಆ ಅಲ್ಟ್ರಾಸೌಂಡ್ ಮುಟ್ಟಬೇಡಿ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಲ್ಲಿ ಯಂತ್ರವೇ ನೋಂದಣಿ ಆಗಿರಬೇಕು, ಕೊಡುವವರೂ ಕೊಳ್ಳುವವರೂ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು, ಪೋರ್ಟಬಲ್ ಯಂತ್ರ ಎಲ್ಲೆಲ್ಲಿ ಒಯ್ಯಬಹುದು ಅನ್ನೋದಕ್ಕೂ ಬಿಗಿ ಮಿತಿ ಇದೆ. ನಿಮ್ಮ ರೋಗಿಗಳೆಲ್ಲ ಎಪ್ಪತ್ತು ದಾಟಿದವರು ಅನ್ನೋ ವಾದ ಅಲ್ಲಿ ನಡೆಯಲ್ಲ. ನೋಂದಣಿ ಇಲ್ಲದ ಯಂತ್ರ ಸಿಕ್ಕರೆ ಜಪ್ತಿ, ಮೇಲೆ ಕೇಸು. ಎಕ್ಸ್‌ರೇಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಬೇಕು. ಎರಡನ್ನೂ ಆಸ್ಪತ್ರೆಗೇ ಬಿಡಿ.

ಲ್ಯಾಬ್ ಅಂದರೆ ಗಾಡಿಯಲ್ಲಿ ಪರೀಕ್ಷೆ ಮಾಡಬೇಡಿ, ಸ್ಯಾಂಪಲ್ ತಗೊಂಡು ಬನ್ನಿ. ಇಲ್ಲಿ ಕೆಡೋದು ಕಿಡ್ನಿಗಾಗಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡೋ ಜೆಲ್ ಟ್ಯೂಬ್. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ನೆಟ್ಟಗೆ ನಿಲ್ಲಬೇಕು, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಆಗಬೇಕು. ಗುಂಡಿಬಿದ್ದ ರಸ್ತೆಯಲ್ಲಿ ಹಾಗೇ ಕುಲುಕಿಸಿಕೊಂಡು ತಂದರೆ ಕೆಂಪುಕಣ ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತೆ, ಚೆನ್ನಾಗಿರೋ ಮನುಷ್ಯನನ್ನ ಮಡಿಕೇರಿಗೆ ಓಡಿಸ್ತೀರಿ. ಸಣ್ಣ ಸೆಂಟ್ರಿಫ್ಯೂಜ್ ಸಭಾಂಗಣದಲ್ಲೇ ಹತ್ತು ನಿಮಿಷ ಓಡಿಸಿ ಹೊರಡಿ, ಎದುರುಬದುರು ಟ್ಯೂಬಿನ ತೂಕ ಸಮ ಇರಲಿ. ಸಕ್ಕರೆಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್. ಎಚ್‌ಬಿಎ1ಸಿಗೆ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ನೇರಳೆ ಮುಚ್ಚಳದ್ದು ತಂಪಿನಲ್ಲಿಟ್ಟರೆ ಕೆಲವು ದಿನ ಕೆಡಲ್ಲ, ದೂರದ ನಿಲ್ದಾಣಕ್ಕೆ ಅದೇ ವಾಸಿ.

ಗ್ಲೂಕೋಮೀಟರ್ ಸ್ಟ್ರಿಪ್ ಡಬ್ಬಿ ಮಳೆಗಾಲದಲ್ಲಿ ತೆರೆದಿಟ್ಟರೆ ತೇವ ಕುಡಿದು ಅಡ್ಡಾದಿಡ್ಡಿ ಅಂಕಿ ಕೊಡುತ್ತೆ. ಒಂದು ತೆಗೆದ ಕೂಡಲೇ ಮುಚ್ಚಳ ಹಾಕಿ, ತೆರೆದ ದಿನಾಂಕ ಪೆನ್ನಲ್ಲಿ ಬರೀರಿ. ಕಿತ್ತಳೆ ಸುಲಿದ ಕೈಯಲ್ಲಿ ಚುಚ್ಚಿದರೆ ಸಕ್ಕರೆ 300 ತೋರಿಸಿದರೂ ಆಶ್ಚರ್ಯ ಇಲ್ಲ. ಬಿಸಿನೀರಲ್ಲಿ ಕೈ ತೊಳೆಸಿ ಒರೆಸಿ, ಚಳಿಗೆ ಬತ್ತಿದ ಬೆರಳಿಗೂ ರಕ್ತ ಬರುತ್ತೆ.

ಕಸ: ಜೀವವೈದ್ಯಕೀಯ ತ್ಯಾಜ್ಯ ನಿಯಮ 2016 ಆರೋಗ್ಯ ಶಿಬಿರಕ್ಕೂ ಅನ್ವಯ. ಸೂಜಿ, ಲ್ಯಾನ್ಸೆಟ್ ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಸೂಜಿ ತೆಗೆದ ಸಿರಿಂಜು ಕೆಂಪಿಗೆ, ಗಾಜು ನೀಲಿಗೆ. 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಜೊತೆ ಕೈಜೋಡಿಸೋ ಆಸ್ಪತ್ರೆಯ ಜೊತೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಂಡು ಅದೇ ಸಂಜೆ ಒಪ್ಪಿಸಿ. ಪಂಚಾಯ್ತಿ ತೊಟ್ಟಿಗೆ ಹಾಕಿದರೆ ಮುಂದಿನ ತಿಂಗಳು ಸಭಾಂಗಣದ ಬೀಗ ಸಿಗಲ್ಲ.

ಸ್ಟೆತ್ತು_ಮಾಮ:

ಫೋನಿನ ಪ್ರಶ್ನೆಗೆ: ಸೆಹತ್ ಒಪಿಡಿ (ರಕ್ಷಣಾ ಇಲಾಖೆಯ ಆನ್‌ಲೈನ್ ಡಾಕ್ಟರ್ ಸೇವೆ) 2021ರ ಮೇಯಿಂದ ಇದೆ, ಸೇನೆಯವರಿಗೂ ಇಸಿಎಚ್‌ಎಸ್ ಸದಸ್ಯರಿಗೂ ಉಚಿತ. ಸಭಾಂಗಣ ಆಯ್ಕೆ ಮಾಡುವಾಗಲೇ ಬೇರೆ ಬೇರೆ ಕಂಪನಿಯ ಎರಡು ಸಿಮ್ ಹಿಡಿದು ಹೋಗಿ ವಿಡಿಯೋ ಕಾಲ್ ಮಾಡಿ ನೋಡಿ. ಗೋಡೆಯ ಒಳಗೆ ಒಂದು ಕಡ್ಡಿ, ಜಗಲಿಯಲ್ಲಿ ಮೂರು ಕಡ್ಡಿ ಬರೋ ಜಾಗಗಳಿವೆ. ಅಲ್ಲಿ ಕುರ್ಚಿ ಜಗಲಿಗೆ ಹಾಕಿ, ಆದರೆ ಸಾಲಲ್ಲಿ ಕೂತವರಿಗೆ ಮಾತು ಕೇಳಿಸದಷ್ಟು ದೂರ. ಕಿವಿ ಮಂದ ಇರುವವರಿಗೆ ಹೆಡ್‌ಫೋನ್ ಕೊಡಿ. ತೋಪು, ಬಂದೂಕಿನ ಸದ್ದಿಗೆ ಮೊದಲು ಕೆಡೋದು 4,000 ಹರ್ಟ್ಸ್ ಸುತ್ತಿನ ಶ್ರವಣ. ಹೆಣ್ಣುಮಕ್ಕಳ ದನಿ, ಸ-ಶ-ಷ ಗೊತ್ತಾಗಲ್ಲ, "ಹೂಂ" ಅಂತ ತಲೆಯಾಡಿಸ್ತಾರೆ. ಹೇಳಿದ್ದನ್ನ ತಿರುಗಿ ಹೇಳಿಸಿ. ಶ್ರವಣ ಪರೀಕ್ಷೆ ಮಾಡೋ ಮುಂಚೆ ಗುಗ್ಗೆ ತೆಗೆಸಿ.

ಹೆಚ್ಚಿನ ನಿದ್ದೆ ಮಾತ್ರೆ ಫೋನಿನಲ್ಲಿ ಬರೆಸಲಾಗಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಪಟ್ಟಿಯವು ನಿಷಿದ್ಧ. ಅಲ್ಪ್ರಾಜೊಲಾಮ್, ನೋವಿನ ಟ್ರಮಡಾಲ್ ಎರಡೂ ಅದರಲ್ಲಿವೆ. ರಾತ್ರಿ ಬೆಚ್ಚಿ ಏಳುವವರು, ಮಾತು ಬಿಟ್ಟು ಕೂತವರು ಇದ್ದರೆ ಟೆಲಿಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416 ಕನ್ನಡದಲ್ಲೇ ಸಿಗುತ್ತೆ. ನಂಬರ್ ಬರೆದು ಕೊಟ್ಟರೆ ಯಾರೂ ಮಾಡಲ್ಲ, ಅಲ್ಲೇ ಪಕ್ಕದ ಕೋಣೆಯಲ್ಲಿ ಕೂರಿಸಿ ನಿಮ್ಮ ಫೋನಿಂದ ಹಚ್ಚಿ ಕೊಟ್ಟು ಹೊರಗೆ ಬನ್ನಿ.

ಪಿಪಿಒ_ಪುಟ:

ಒಂದು ತಕರಾರು. ಮೇಲೆ ಸಭಾಂಗಣವೇ ಸಾಕು ಅಂದಿದ್ದಾರೆ. ನಡೆಯಲಾಗದವರು 140ರಲ್ಲಿ ಹತ್ತು ಹನ್ನೆರಡು ಜನವಾದರೂ ಇರ್ತಾರೆ, ಅವರು ಸಭಾಂಗಣಕ್ಕೂ ಬರಲ್ಲ. ಪ್ರತಿ ನಿಲ್ದಾಣದ ದಿನ ಮಧ್ಯಾಹ್ನ ಮೂರರ ಮೇಲೆ ಎರಡೆರಡು ಮನೆ ಅಂತ ಗುರುತು ಹಾಕಿ, 28 ದಿನಕ್ಕೆ ಹತ್ತು ಮನೆ ಆಗುತ್ತೆ. ಬೆನ್ನು, ಹಿಮ್ಮಡಿ ನೋಡಲಿ, ಕ್ಯಾಥೆಟರ್ ಇದ್ದರೆ ಹಾಕಿದ ದಿನಾಂಕ ಕೇಳಲಿ. ಬೊಲೆರೊ ಬೇಕಾಗೋದು ನಿಜವಾಗಿ ಅಲ್ಲಿ.

ಸಂಘದ_ಕಡತ:

ಸರಿ. ಟ್ರಾವೆಲರ್ ಕೊಟೇಶನ್ ವಾಪಸ್ ಕಳಿಸ್ತೀವಿ. ಮೂರು ಪಟ್ಟಿ ಮಾಡೋ ಕೆಲಸ ಈ ಭಾನುವಾರದಿಂದ. ಒಐಸಿ ಅವರಿಗೆ ಕೊಡೋ ಪತ್ರದ ಕರಡು ಇಲ್ಲೇ ಹಾಕ್ತೀನಿ, ತಿದ್ದಿ ಕೊಡಿ.